ಕಾಗದ ಉಳಿದವರ ಬದುಕು: ಆಸ್ಟ್ರೇಲಿಯಾದ ಮೊದಲ ಸಾಧಕಿಯರ ಜೀವನಚರಿತ್ರೆಗಳನ್ನು ಓದುತ್ತಾ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ)

ಗೆಳೆಯರೇ, ಆಸ್ಟ್ರೇಲಿಯಾದ 20 ಡಾಲರ್ ನೋಟನ್ನು ಕೈಯಲ್ಲಿ ಹಿಡಿದು ನೋಡಿದವರು ನಿಮ್ಮಲ್ಲಿ ಕೆಲವರಾದರೂ ಇರಬೇಕು. ಮಗನೋ ಮಗಳೋ ಅಲ್ಲಿ ನೆಲೆಸಿರುವ ಮನೆಗಳು ಇಂದು ನಮ್ಮ ಊರುಗಳಲ್ಲಿ ಕಡಿಮೆಯೇನಲ್ಲ. ಆ ನೋಟಿನ ಒಂದು ಬದಿಯಲ್ಲಿ ಕನ್ನಡಕ ಹಾಕಿಕೊಂಡು, ತಲೆಗೆ ಟೊಪ್ಪಿ ಕಟ್ಟಿಕೊಂಡ ಹಿರಿಯ ಹೆಂಗಸೊಬ್ಬಳ ಮುಖವಿದೆ. ಆಕೆಯ ಹೆಸರು ಮೇರಿ ರೀಬಿ. ತುಂಬಿದ ಮನೆಯ ಯಜಮಾನಿ ಎನ್ನಿಸುವ ಈಕೆ ಆ ನೆಲಕ್ಕೆ ಕಾಲಿಟ್ಟದ್ದು ಕುದುರೆ ಕದ್ದ ಅಪರಾಧಕ್ಕೆ ಏಳು ವರ್ಷ ಗಡೀಪಾರಾದ ಕೈದಿಯಾಗಿ.

ಇಂಗ್ಲೆಂಡಿನ ಲ್ಯಾಂಕಷೈರ್ ಸೀಮೆಯ ಬೆರಿ ಎಂಬ ಊರಿನಲ್ಲಿ 1777ರಲ್ಲಿ ಹುಟ್ಟಿದ ಮಾಲಿ ಹೇಡಾಕ್ (ಮೇರಿಯ ಹುಟ್ಟುಹೆಸರು ಇದು) ತಬ್ಬಲಿ. ಅಜ್ಜಿಯ ಆಸರೆಯಲ್ಲಿ ಬೆಳೆದವಳು. ಹದಿಹರೆಯದಲ್ಲಿ ಗಂಡುಡುಗೆ ತೊಟ್ಟು, ಜೇಮ್ಸ್ ಬರೋ ಎಂದು ಹೆಸರಿಟ್ಟುಕೊಂಡು ತಿರುಗುತ್ತಿದ್ದಾಗ ಸಿಕ್ಕಿಬಿದ್ದಳು. ಹುಡುಗನಲ್ಲ, ಹುಡುಗಿ ಎಂಬುದು ಬಯಲಾದದ್ದು ವಿಚಾರಣೆಯ ಹೊತ್ತಿಗೆ. 1792ರ ಅಕ್ಟೋಬರಿನಲ್ಲಿ ಕೈದಿ ಹಡಗು ಸಿಡ್ನಿ ತಲುಪಿದಾಗ ಆಕೆ ಊರಿನ ಬಂಧುವೊಬ್ಬಳಿಗೆ ಬರೆದ ಕಾಗದ ಇಂದಿಗೂ ಉಳಿದಿದೆ. ಬಂದೊದಗಿರುವ ಈ ಸ್ಥಿತಿಯಲ್ಲೇ ಆದಷ್ಟು ಸಂತೋಷವಾಗಿರುತ್ತೇನೆ ಎಂದು ಆ ಹುಡುಗಿ ಅದರಲ್ಲಿ ಹೇಳಿಕೊಂಡಿದ್ದಾಳೆ. ಎರಡು ವರ್ಷಗಳ ನಂತರ ಈಸ್ಟ್ ಇಂಡಿಯಾ ಕಂಪನಿಯ ನೌಕರಿಯಲ್ಲಿದ್ದ ಥಾಮಸ್ ರೀಬಿ ಎಂಬ ತರುಣನನ್ನು ಮದುವೆಯಾದಳು. 1811ರಲ್ಲಿ ಅವನು ತೀರಿಕೊಂಡಾಗ ಕೈಯಲ್ಲಿ ಏಳು ಮಕ್ಕಳು, ಜೊತೆಗೆ ಹಡಗುಗಳು, ಗೋದಾಮುಗಳು. ಎಲ್ಲವನ್ನೂ ನಡೆಸಿದಳು, ಬೆಳೆಸಿದಳು. 1817ರಲ್ಲಿ ಬ್ಯಾಂಕ್ ಆಫ್ ನ್ಯೂ ಸೌತ್ ವೇಲ್ಸ್ ಬಾಗಿಲು ತೆರೆದದ್ದು ಆಕೆಯ ಕಟ್ಟಡದಲ್ಲಿ. ಇಂದಿನ ವೆಸ್ಟ್‌ಪ್ಯಾಕ್ ಬ್ಯಾಂಕು ಅದೇ. ಸಾಲ ತೀರಿಸದವನೊಬ್ಬನ ಮೇಲೆ ಕೈ ಮಾಡಿದಳೆಂದು ನ್ಯಾಯಾಲಯ ಆಕೆಯನ್ನು ತಪ್ಪಿತಸ್ಥಳೆಂದು ತೀರ್ಮಾನಿಸಿದ್ದೂ ಅದೇ ವರ್ಷ.

ಜನಪ್ರಿಯ ಜೀವನಚರಿತ್ರೆಗೆ ಇದಕ್ಕಿಂತ ಒಳ್ಳೆಯ ವಸ್ತು ಬೇಕೆ? ಕೈದಿಯಾಗಿ ಬಂದವಳು ಸಿರಿವಂತಳಾದಳು, ಇನ್ನೂರು ವರ್ಷ ಕಳೆದ ಮೇಲೆ ನೋಟಿನ ಮೇಲೆ ಕುಳಿತಳು. ಮೇರಿ ರೀಬಿಯ ಕುರಿತ ಬಹುಪಾಲು ಬರಹಗಳು ಈ ಏಣಿಯನ್ನೇ ಹತ್ತುತ್ತವೆ. ನನ್ನನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ದಾಖಲೆ. 1820ರಲ್ಲಿ ಆಕೆ ಹೆಣ್ಣುಮಕ್ಕಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋಗಿ, ಮರುವರ್ಷ ಹಿಂದಿರುಗಿದಳು. 1828ರ ಜನಗಣತಿಯಲ್ಲಿ, ನೀನು ಈ ವಸಾಹತಿಗೆ ಬಂದದ್ದು ಹೇಗೆ ಎಂಬ ಪ್ರಶ್ನೆಗೆ ಆಕೆ ಬರೆಸಿದ ಉತ್ತರ: ಸ್ವತಂತ್ರಳಾಗಿ, 1821ರಲ್ಲಿ. ಎರಡನೆಯ ಪ್ರಯಾಣದ ಮಟ್ಟಿಗೆ ಅದು ಸುಳ್ಳೂ ಅಲ್ಲ! ಯಾವ ಲೇಖಕರೂ ಆಕೆಯ ಬದುಕನ್ನು ಮುಟ್ಟುವ ಮೊದಲೇ ಆಕೆ ತನ್ನ ಬದುಕನ್ನು ತಾನೇ ತಿದ್ದಿದ್ದಳು.

ಇಂತಹ ಪುಸ್ತಕಗಳನ್ನು ಬಹಳ ಕಾಲದಿಂದ ಪ್ರೀತಿಯಿಂದ ಓದಿಕೊಂಡು ಬಂದವನು ನಾನು. ಇವತ್ತು ನಿಮ್ಮ ಮುಂದೆ ಇಡಬೇಕೆಂದಿರುವುದು ಒಂದೇ ಮಾತು. ಯಾವ ಹೆಣ್ಣಿನ ಬದುಕು ಪುಸ್ತಕವಾಗುತ್ತದೆ ಎಂಬುದು ಆಕೆ ಎಷ್ಟು ದೊಡ್ಡವಳು ಎಂಬುದರಿಂದ ತೀರ್ಮಾನವಾಗುವುದಿಲ್ಲ. ಆಕೆಯ ಕಾಗದಪತ್ರಗಳನ್ನು ಯಾರು ಜೋಪಾನ ಮಾಡಿದರು, ಏತಕ್ಕಾಗಿ ಮಾಡಿದರು ಎಂಬುದರಿಂದ ತೀರ್ಮಾನವಾಗುತ್ತದೆ. ಓದುವಾಗ ಈ ಪ್ರಶ್ನೆಯನ್ನು ಮಗ್ಗುಲಲ್ಲಿ ಇಟ್ಟುಕೊಂಡರೆ, ಒಳ್ಳೆಯ ಜೀವನಚರಿತ್ರೆಯೂ ಬರಿಯ ಹೊಗಳಿಕೆಯೂ ತಾವಾಗಿಯೇ ಬೇರೆಬೇರೆಯಾಗಿ ಕಾಣುತ್ತವೆ.

ವಿದ್ವಾಂಸರಲ್ಲಿ ಕೆಲವರಿಗೆ ಜನಪ್ರಿಯ ಜೀವನಚರಿತ್ರೆ ಎಂದರೆ ತಾತ್ಸಾರ. ನನಗೆ ಹಾಗಿಲ್ಲ. ಪಂಡಿತರು ಮಾಡದೆ ಬಿಟ್ಟ ಕೆಲಸವನ್ನು ಈ ಪುಸ್ತಕಗಳು ಮಾಡಿವೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಚರಿತ್ರಕೋಶದ ಮೊದಲ ಸಂಪುಟ ಹೊರಬಂದದ್ದು 1966ರಲ್ಲಿ. ಗವರ್ನರರು, ಸೇನಾಧಿಕಾರಿಗಳು, ಅನ್ವೇಷಕರು, ಕುರಿ ಒಡೆಯರು ಅದರ ತುಂಬ ಇದ್ದರು, ಹೆಂಗಸರು ಬೆರಳೆಣಿಕೆಯಷ್ಟು. ಅದೇ ವರ್ಷ ಆ ದೇಶ ಪೌಂಡಿನಿಂದ ಡಾಲರಿಗೆ ಬದಲಾಯಿತು. ಮೊದಲು ಬಂದ ನೋಟುಗಳಲ್ಲಿ ರಾಣಿಯೊಬ್ಬಳನ್ನು ಬಿಟ್ಟರೆ ಚಿತ್ರವಿದ್ದವರೆಲ್ಲ ಗಂಡಸರು. ಎರಡು ಡಾಲರ್ ನೋಟಿನ ಮೇಲೆ ಜಾನ್ ಮಕಾರ್ಥರ್, ಪಕ್ಕದಲ್ಲಿ ಮೆರಿನೋ ಟಗರು. ಆಸ್ಟ್ರೇಲಿಯಾದ ಉಣ್ಣೆ ಉದ್ಯಮದ ಪಿತಾಮಹ ಎಂಬ ಗೌರವ. ಆದರೆ 1801ರಿಂದ 1805ರವರೆಗೆ, ಮತ್ತೆ 1809ರಿಂದ 1817ರವರೆಗೆ ಆ ಮಹಾಶಯರು ವಸಾಹತಿನಲ್ಲಿ ಇರಲೇ ಇಲ್ಲ. ಜಗಳ, ಮೊಕದ್ದಮೆಗಳ ಬೆನ್ನು ಹತ್ತಿ ಇಂಗ್ಲೆಂಡಿನಲ್ಲಿದ್ದರು. ಆ ವರ್ಷಗಳಲ್ಲೆಲ್ಲ ಮಂದೆ ನೋಡಿಕೊಂಡು, ಲೆಕ್ಕ ಬರೆದು, ಕೆಲಸದ ಕೈದಿಗಳನ್ನು ನಿಭಾಯಿಸಿ, ಉಣ್ಣೆಯನ್ನು ಹಡಗು ಹತ್ತಿಸಿದವಳು ಹೆಂಡತಿ ಎಲಿಜಬೆತ್. ಇದನ್ನು ಸಾಮಾನ್ಯ ಓದುಗರ ಮನಸ್ಸಿಗೆ ಮುಟ್ಟಿಸಿದ್ದು ಕತೆಯಂತೆ ಓದಿಸಿಕೊಂಡು ಹೋಗುವ ಜೀವನಚರಿತ್ರೆಗಳು. ಗಂಡ ಊರಿನಲ್ಲಿಲ್ಲದ ವರ್ಷಗಳನ್ನು ಲೆಕ್ಕ ಹಾಕಿ ನೋಡುವುದು ಇಂತಹ ಬದುಕುಗಳನ್ನು ಓದುವ ಒಂದು ಒಳ್ಳೆಯ ದಾರಿ.

ಹತ್ತು ಡಾಲರ್ ನೋಟಿನ ಮೇಲೆ ಕವಿ, ಕತೆಗಾರ ಹೆನ್ರಿ ಲಾಸನ್ ಇದ್ದ. ಅವನ ತಾಯಿ ಲೂಯಿಸಾ ಲಾಸನ್ 1888ರಲ್ಲಿ ಸಿಡ್ನಿಯಲ್ಲಿ ‘ದ ಡಾನ್’ ಎಂಬ ಮಹಿಳಾ ಪತ್ರಿಕೆ ಆರಂಭಿಸಿ 1905ರವರೆಗೆ ನಡೆಸಿದಳು. ಬರಹ ತಿದ್ದುವವರಿಂದ ಅಚ್ಚುಮೊಳೆ ಜೋಡಿಸುವವರವರೆಗೆ ಹೆಂಗಸರನ್ನೇ ಕೆಲಸಕ್ಕಿಟ್ಟಳು. ಮುದ್ರಣ ಕೆಲಸಗಾರರ ಸಂಘ ಹೆಂಗಸರಿಗೆ ಸದಸ್ಯತ್ವ ಕೊಡಲಿಲ್ಲ. ಪತ್ರಿಕೆಗೇ ಬಹಿಷ್ಕಾರ ಹಾಕಿಸಲು ನೋಡಿತು. ಆಕೆ ಜಗ್ಗಲಿಲ್ಲ. ಹೆಂಗಸರಿಗೆ ಮತದಾನದ ಹಕ್ಕು ಬೇಕೆಂದು ಆ ಪತ್ರಿಕೆ ವರ್ಷಗಟ್ಟಲೆ ಬರೆಯಿತು. ಆದರೂ ಬಹಳ ಕಾಲ ಆಕೆ ‘ಹೆನ್ರಿ ಲಾಸನ್ನನ ತಾಯಿ’ಯಾಗಿಯೇ ಉಳಿದಳು. 1987ರಲ್ಲಿ ಪ್ರಕಟವಾದ ಆಕೆಯ ಜೀವನಚರಿತ್ರೆಯನ್ನು ಬ್ರಯನ್ ಮ್ಯಾಥ್ಯೂಸ್ ಬರೆಯಲು ಕುಳಿತಾಗ ಎದುರಾದದ್ದು ದಾಖಲೆಗಳ ಕೊರತೆ. ಮಗನ ಸುತ್ತ ಬೆಟ್ಟದಷ್ಟು ಕಾಗದ, ತಾಯಿಯ ಸುತ್ತ ಅಲ್ಲೊಂದು ಇಲ್ಲೊಂದು. ಅವರು ಆ ಖಾಲಿ ಜಾಗಗಳನ್ನು ಮುಚ್ಚಿಡಲಿಲ್ಲ. ಪುಸ್ತಕದೊಳಗೆ ಎರಡನೆಯ ನಿರೂಪಕನೊಬ್ಬನನ್ನು ತಂದು, ಅವನ ಊಹೆಗಳೊಂದಿಗೆ ತಾವೇ ವಾದಕ್ಕಿಳಿದರು. ಓದುಗರಿಗೆ ಎಲ್ಲಿ ಪುರಾವೆ ಮುಗಿಯಿತು, ಎಲ್ಲಿ ಊಹೆ ಶುರುವಾಯಿತು ಎಂಬುದು ಕಣ್ಣಿಗೆ ಕಾಣುತ್ತದೆ. ಈ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ.

ಈ ಬಗೆಯ ಬರವಣಿಗೆಗೆ ಒಂದು ಹಳೆಯ ಬೇರಿದೆ, ಅದನ್ನು ಹೇಳದೆ ಮುಂದೆ ಹೋಗಲಾಗದು. 1938 ಬಿಳಿಯರು ಸಿಡ್ನಿಯಲ್ಲಿ ನೆಲೆಯೂರಿದ 150ನೆಯ ವರ್ಷ. ದೇಶವೆಲ್ಲ ಉತ್ಸವ. ಆ ಸಂದರ್ಭಕ್ಕೆ ಮಹಿಳಾ ಸಮಿತಿಯೊಂದು ಮೊದಲ ತಲೆಮಾರಿನ ಹೆಂಗಸರ ನೆನಪಿಗಾಗಿ ‘ದ ಪೀಸ್‌ಫುಲ್ ಆರ್ಮಿ’ ಎಂಬ ಸಂಕಲನ ತಂದಿತು. ಶಾಂತಿಯ ಸೇನೆ! ಲೇಖಕಿಯರು ಲೇಖಕಿಯರ, ಸಮಾಜಸೇವಕಿಯರ, ಮನೆ ಕಟ್ಟಿದವರ ಬದುಕುಗಳನ್ನು ನೆನೆದ ಒಳ್ಳೆಯ ಪುಸ್ತಕ ಅದು. ಆದರೆ ಆ ವರ್ಷದ ಜನವರಿ 26ರಂದು, ಉತ್ಸವದ ಮೆರವಣಿಗೆ ಸಾಗಿದ ಅದೇ ಸಿಡ್ನಿಯಲ್ಲಿ, ಆಸ್ಟ್ರೇಲಿಯನ್ ಹಾಲ್ ಎಂಬ ಕಟ್ಟಡದಲ್ಲಿ ಮೂಲನಿವಾಸಿಗಳು ಸೇರಿ ಶೋಕದಿನ ಆಚರಿಸಿದರು. ಅಲ್ಲಿದ್ದವರಲ್ಲಿ ಪರ್ಲ್ ಗಿಬ್ಸ್ ಎಂಬ ಧೀರ ಹೆಂಗಸೂ ಒಬ್ಬಳು. ಒಂದೇ ಊರು, ಒಂದೇ ವರ್ಷ. ಒಂದು ಕಡೆ ನೆಲಕ್ಕೆ ಮೊದಲು ಬಂದವರೆಂಬ ಕೀರ್ತಿ, ಇನ್ನೊಂದು ಕಡೆ ಆ ನೆಲವನ್ನು ಕಳೆದುಕೊಂಡವರ ದುಃಖ. ಜನಪ್ರಿಯ ಜೀವನಚರಿತ್ರೆ ಬಹುಕಾಲ ಮೊದಲನೆಯ ಕಡೆಯಲ್ಲಿ ಮಾತ್ರ ನಿಂತು ಬರೆಯಿತು.

ಈಗ ನನಗೆ ಅತ್ಯಂತ ಪ್ರಿಯವಾದ ಬದುಕಿಗೆ ಬರುತ್ತೇನೆ. ಆಕೆ ಜಾರ್ಜಿಯಾನಾ ಮಲಾಯ್. 1805ರಲ್ಲಿ ಇಂಗ್ಲೆಂಡಿನ ಉತ್ತರದಲ್ಲಿ, ಸ್ಕಾಟ್ಲೆಂಡಿನ ಗಡಿಗೆ ಹತ್ತಿರದ ಕಾರ್ಲೈಲ್ ಸೀಮೆಯಲ್ಲಿ ಹುಟ್ಟಿದವಳು. ದೈವಭಕ್ತೆ, ಗಂಭೀರ ಸ್ವಭಾವ. 1829ರಲ್ಲಿ ವಾಟರ್ಲೂ ಯುದ್ಧದಲ್ಲಿ ಹೋರಾಡಿದ್ದ ಕ್ಯಾಪ್ಟನ್ ಜಾನ್ ಮಲಾಯ್‌ನನ್ನು ಮದುವೆಯಾಗಿ, ಮರುವರ್ಷ ಪಶ್ಚಿಮ ಆಸ್ಟ್ರೇಲಿಯಾ ತಲುಪಿದಳು. ಅಲ್ಲಿಂದಲೂ ದೂರ, ಖಂಡದ ನೈಋತ್ಯ ಮೂಲೆಯ ಆಗಸ್ಟಾ ಎಂಬ ಜಾಗಕ್ಕೆ ಹೋಗಬೇಕಾಯಿತು. ಎದುರಿಗೆ ಕಡಲು, ಬೆನ್ನಿಗೆ ದಟ್ಟ ಕಾಡು, ಇರಲು ಡೇರೆ. 1830ರ ಮೇ ತಿಂಗಳಲ್ಲಿ ಅಲ್ಲಿ ಮೊದಲ ಮಗುವನ್ನು ಹೆತ್ತಳು. ಕೆಲವೇ ದಿನಗಳಲ್ಲಿ ಕೂಸು ಹೋಯಿತು. ಮೂರು ವರ್ಷಗಳ ನಂತರ, ಮಗುವನ್ನು ಕಳೆದುಕೊಂಡಿದ್ದ ಗೆಳತಿಯೊಬ್ಬಳಿಗೆ ಸಮಾಧಾನ ಬರೆಯುವಾಗ ಆಕೆ ತನ್ನ ಆ ದಿನವನ್ನು ನೆನೆಯುತ್ತಾಳೆ: ಈ ಬೇಸರದ ನಾಡಿನಲ್ಲಿ ಗಂಡನೊಬ್ಬನನ್ನು ಬಿಟ್ಟು ಹತ್ತಿರ ಯಾರೂ ಇರಲಿಲ್ಲ, ಮಗು ನನ್ನ ತೋಳಿನಲ್ಲೇ ಸತ್ತಿತು, ಆಗ ಪಟ್ಟದ್ದನ್ನು ಹೇಳಲು ಮಾತು ಬರುವುದಿಲ್ಲ ಎಂದು.

1836ರ ಕೊನೆಯಲ್ಲಿ ಲಂಡನ್ನಿನಿಂದ ಒಂದು ಪೆಟ್ಟಿಗೆ ಬಂತು. ಕಳಿಸಿದವನು ನಿವೃತ್ತ ನೌಕಾಧಿಕಾರಿ ಜೇಮ್ಸ್ ಮ್ಯಾಂಗಲ್ಸ್. ಗಿಡಗಳ ಹುಚ್ಚಿದ್ದವನು, ಗವರ್ನರ್ ಸ್ಟರ್ಲಿಂಗ್‌ನ ಹೆಂಡತಿಗೆ ಸಂಬಂಧಿ. ಪೆಟ್ಟಿಗೆಯಲ್ಲಿ ಇಂಗ್ಲೆಂಡಿನ ಹೂಗಳ ಬೀಜ, ಜೊತೆಗೆ ಒಂದು ವಿನಂತಿ: ಪ್ರತಿಯಾಗಿ ನಿಮ್ಮ ಕಾಡಿನ ಗಿಡಗಳ ಬೀಜ ಕಳಿಸುವಿರಾ? ಜಾರ್ಜಿಯಾನಾ ಸಸ್ಯಶಾಸ್ತ್ರ ಕಲಿತವಳಲ್ಲ. ಮನೆಯಲ್ಲಿ ಹಾಲು, ಬೆಣ್ಣೆ, ಒಗೆತ, ಹೊಲಿಗೆ, ಎಳೆಯ ಮಕ್ಕಳು. ಬಿಡುವೆಂಬುದೇ ಇಲ್ಲ. ಹೀಗಿರುವಾಗ 1837ರ ನವೆಂಬರಿನಲ್ಲಿ, ಇನ್ನೂ ಎರಡು ವರ್ಷ ತುಂಬದ ಒಬ್ಬನೇ ಮಗ ಬಾವಿಗೆ ಬಿದ್ದು ಸತ್ತ. ಮುಂದಿನ ಜನವರಿಯಲ್ಲಿ ಮ್ಯಾಂಗಲ್ಸ್‌ಗೆ ಬರೆದ ಕಾಗದದಲ್ಲಿ, ಮುಖವನ್ನೇ ಕಾಣದ ಆ ಮನುಷ್ಯನಿಗೆ ಆಕೆ ಮಗನ ಸಾವನ್ನು ಹೇಳಿಕೊಳ್ಳುತ್ತಾಳೆ. ಅದೇ ಕಾಗದದೊಂದಿಗೆ ಬೀಜಗಳೂ ಹೋಗುತ್ತವೆ.

ಅಲ್ಲಿಂದ ಮುಂದಿನ ಐದು ವರ್ಷ ಆಕೆಯ ನಿಜವಾದ ಬದುಕು ಎಂದು ನನಗೆ ಅನ್ನಿಸುತ್ತದೆ. ಉಳಿದ ಹೆಣ್ಣುಮಕ್ಕಳನ್ನು ಕರೆದುಕೊಂಡು ಕಾಡಿಗೆ ಹೋಗುವುದು, ಹೂ ಬಿಟ್ಟಾಗ ಗಿಡವನ್ನು ಗುರುತು ಮಾಡಿಕೊಳ್ಳುವುದು, ಬೀಜ ಬಲಿಯುವ ಹೊತ್ತಿಗೆ ಮತ್ತೆ ಅದೇ ಜಾಗಕ್ಕೆ ಹೋಗುವುದು. ಹೂವನ್ನು ಕಾಗದಗಳ ನಡುವೆ ಒತ್ತಿ ಒಣಗಿಸಿ, ಅದಕ್ಕೊಂದು ಸಂಖ್ಯೆ. ಬೀಜದ ಪೊಟ್ಟಣಕ್ಕೂ ಅದೇ ಸಂಖ್ಯೆ. ಆಸ್ಟ್ರೇಲಿಯಾದ ಬೀಜ ಎಂದರೆ ಯಾವುದು ಯಾವ ಗಿಡದ್ದೆಂದು ತಿಳಿಯದೆ ಪೇಚಾಡುತ್ತಿದ್ದ ಇಂಗ್ಲೆಂಡಿನ ತೋಟಗಾರರಿಗೆ ಈ ಅಚ್ಚುಕಟ್ಟು ದೊಡ್ಡ ವರವಾಯಿತು. ಮ್ಯಾಂಗಲ್ಸ್ ಅವನ್ನು ಹಂಚಿದ. ಸಸ್ಯವಿಜ್ಞಾನಿ ಜಾನ್ ಲಿಂಡ್ಲಿ, ಚಾಟ್ಸ್‌ವರ್ತ್‌ನ ಹೆಸರಾಂತ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್‌ರಂತಹವರ ಕೈಗೆ ಆಕೆಯ ಬೀಜಗಳು ಹೋದವು. 1843ರ ಏಪ್ರಿಲಿನಲ್ಲಿ, ಮತ್ತೊಂದು ಹೆರಿಗೆಯ ನಂತರದ ಕಾಯಿಲೆಯಲ್ಲಿ ಆಕೆ ತೀರಿಕೊಂಡಳು. ಇನ್ನೂ 38 ತುಂಬಿರಲಿಲ್ಲ. ದೂರದ ನಾಡಿಗೆ ಹೋದ ಹತ್ತು ಸಾವಿರ ಮಂದಿಯಲ್ಲಿ ಒಬ್ಬರೂ ಆಕೆಯಷ್ಟು ಕೆಲಸ ಮಾಡಿಲ್ಲ ಎಂಬ ಅರ್ಥದಲ್ಲಿ ಇಂಗ್ಲೆಂಡಿನ ತೋಟಗಾರನೊಬ್ಬ ಮ್ಯಾಂಗಲ್ಸ್‌ಗೆ ಬರೆದ.

ಇದೆಲ್ಲ ನಮಗೆ ಗೊತ್ತಿರುವುದು ಹೇಗೆ? ಮ್ಯಾಂಗಲ್ಸ್ ತನಗೆ ಬಂದ ಕಾಗದಗಳನ್ನು ದೊಡ್ಡ ಪುಸ್ತಕಗಳಿಗೆ ನಕಲು ಮಾಡಿಸಿ ಇಟ್ಟಿದ್ದ. ಅವನಿಗೆ ಬೇಕಾಗಿದ್ದದ್ದು ಗಿಡಗಳ ಸಮಾಚಾರ. ಗಿಡಗಳ ಜೊತೆಗೆ ಒಬ್ಬ ತಾಯಿಯ ಮನಸ್ಸೂ ಉಳಿಯಿತು. ಆ ನಕಲು ಪುಸ್ತಕಗಳು ಮುಂದೆ ಪರ್ತ್ ನಗರದ ಗ್ರಂಥಾಲಯಕ್ಕೆ ಬಂದವು, 1955ರಲ್ಲಿ ಅಲೆಕ್ಸಾಂಡ್ರಾ ಹ್ಯಾಸ್ಲಕ್ ಅವುಗಳ ಬಲದಿಂದ ಜೀವನಚರಿತ್ರೆ ಬರೆದರು, ಜಾರ್ಜಿಯಾನಾ ಹೆಸರು ಮನೆಮಾತಾಯಿತು. ಅದೇ ಕಡಲ ತೀರದಲ್ಲಿ, ಅದೇ ವರ್ಷಗಳಲ್ಲಿ ಮಕ್ಕಳನ್ನು ಹೂತ ಎಷ್ಟೋ ತಾಯಂದಿರಿದ್ದರು. ಸೈನಿಕರ ಹೆಂಡತಿಯರು, ಮನೆಗೆಲಸದ ಹುಡುಗಿಯರು. ಅವರಿಗೆ ಮ್ಯಾಂಗಲ್ಸ್ ಇರಲಿಲ್ಲ.

ಜಾರ್ಜಿಯಾನಾ ಕಾಗದಗಳಲ್ಲಿ ಇನ್ನೊಂದು ಮಾತಿದೆ. ಹೂ, ಬೀಜ ಹುಡುಕುವ ಕೆಲಸದಲ್ಲಿ ಬಿಳಿಯರಿಗಿಂತ ಇಲ್ಲಿನ ಮೂಲನಿವಾಸಿಗಳೇ ಹೆಚ್ಚು ನೆರವಾಗುತ್ತಾರೆ. ಅವರು ತಲೆಹರಟೆಯ ಪ್ರಶ್ನೆ ಕೇಳುವುದಿಲ್ಲ, ಅರ್ಥವಾಗದ್ದನ್ನು ಕಂಡು ಹೀಯಾಳಿಸುವುದಿಲ್ಲ ಎನ್ನುತ್ತಾಳೆ. ಅವರು ನೂಂಗಾರ್ ಜನ. ಆ ಕಾಡಿನ ಒಂದೊಂದು ಗಿಡವನ್ನೂ ತಲೆತಲಾಂತರದಿಂದ ಬಲ್ಲವರು. ಆಕೆಯ ಹೆಸರನ್ನು ಇಂದು ಒಂದು ಬೊರೋನಿಯಾ ಗಿಡ ಹೊತ್ತುಕೊಂಡಿದೆ. ದಾರಿ ತೋರಿಸಿದವರ ಹೆಸರು ಯಾವ ಗಿಡಕ್ಕೂ ಇಲ್ಲ. 1841ರ ಫೆಬ್ರವರಿಯಲ್ಲಿ ಅದೇ ಪ್ರಾಂತ್ಯದ ವಾನರಪ್ ಎಂಬಲ್ಲಿ ಜಾರ್ಜ್ ಲೇಮನ್ ಎಂಬ ವಸಾಹತುಗಾರ ನೂಂಗಾರ್ ವ್ಯಕ್ತಿಯೊಬ್ಬನ ಈಟಿಗೆ ಬಲಿಯಾದ. ಸೇಡಿಗೆ ಹೊರಟ ಸೈನಿಕರಿಗೂ ವಸಾಹತುಗಾರರಿಗೂ ಮುಂದಾಳಾಗಿದ್ದವನು ಅಲ್ಲಿನ ಮ್ಯಾಜಿಸ್ಟ್ರೇಟ್ ಜಾನ್ ಮಲಾಯ್, ಅಂದರೆ ಜಾರ್ಜಿಯಾನಾ ಗಂಡ. ಸತ್ತವರ ಸಂಖ್ಯೆ ಸರ್ಕಾರಿ ವರದಿಯಲ್ಲಿ ಸಣ್ಣದು, ನೂಂಗಾರ್ ಮನೆಗಳ ನೆನಪಿನಲ್ಲಿ ಬಹಳ ದೊಡ್ಡದು.

ಈ ಅಧ್ಯಾಯವನ್ನು ಬಿಟ್ಟು ಬರೆದ ಜಾರ್ಜಿಯಾನಾ ಕತೆ ಹೂವಿನ ಕತೆಯಾಗುತ್ತದೆ, ಸೊಗಸಾಗಿರುತ್ತದೆ, ಶಾಲಾ ಮಕ್ಕಳಿಗೆ ಓದಲು ಕೊಡಬಹುದು. ನನ್ನ ಅಭಿಪ್ರಾಯ ಸ್ಪಷ್ಟ: ಅದು ಅರ್ಧ ಪುಸ್ತಕ. ಗಂಡ ಬಂದೂಕು ಹಿಡಿದು ಹೋದ ಮನೆಯಲ್ಲೇ ಆಕೆ ಬೀಜಗಳಿಗೆ ಸಂಖ್ಯೆ ಬರೆಯುತ್ತಿದ್ದಳು. ಎರಡೂ ಒಂದೇ ಮನೆಯಲ್ಲಿ ನಡೆದವು. ಇದನ್ನು ಹೇಳಿದರೆ ಆಕೆಯ ಮೇಲಿನ ನಮ್ಮ ಪ್ರೀತಿ ಕಡಿಮೆಯಾಗುತ್ತದೆಂದು ಹೆದರುವ ಲೇಖಕರು ಓದುಗರನ್ನು ನಂಬುತ್ತಿಲ್ಲ.

ಇನ್ನು ಟ್ರುಗನಿನಿ. ಟಾಸ್ಮೇನಿಯಾದ ಬ್ರೂನಿ ದ್ವೀಪದ ಹೆಣ್ಣು, ಸುಮಾರು 1812ರಲ್ಲಿ ಹುಟ್ಟಿದವಳು. ತಾಯಿಯನ್ನು ಬಿಳಿಯರು ಕೊಂದರು, ಅಕ್ಕನನ್ನು ಸೀಲ್ ಬೇಟೆಗಾರರು ಹೊತ್ತೊಯ್ದರು. 1830ರಿಂದ ಆಕೆ ಜಾರ್ಜ್ ಅಗಸ್ಟಸ್ ರಾಬಿನ್ಸನ್ ಎಂಬವನೊಡನೆ ಟಾಸ್ಮೇನಿಯಾದ ಕಾಡುಮೇಡುಗಳನ್ನು ಸುತ್ತಿದಳು. ಉಳಿದಿರುವ ಮೂಲನಿವಾಸಿಗಳನ್ನು ಮಾತನಾಡಿಸಿ, ಒಪ್ಪಿಸಿ, ಒಂದು ಕಡೆ ಸೇರಿಸುವುದು ಅವನಿಗೆ ಸರ್ಕಾರ ಒಪ್ಪಿಸಿದ್ದ ಕೆಲಸ. ಹಾಗೆ ಸೇರಿಸಿದವರನ್ನು ಫ್ಲಿಂಡರ್ಸ್ ದ್ವೀಪಕ್ಕೆ ಸಾಗಿಸಿದರು. ಅಲ್ಲಿ ಬಹುಪಾಲು ಜನ ಕಾಯಿಲೆಯಿಂದ ಸತ್ತರು. 1876ರಲ್ಲಿ ಹೋಬಾರ್ಟ್‌ನಲ್ಲಿ ಆಕೆ ಸತ್ತಾಗ ‘ಕೊನೆಯ ಟಾಸ್ಮೇನಿಯನ್’ ಎಂದು ಜಗತ್ತೆಲ್ಲ ಬರೆಯಿತು. ಅದು ನಿಜವಲ್ಲ. ಟಾಸ್ಮೇನಿಯಾದ ಮೂಲನಿವಾಸಿ ಜನ ಇಂದಿಗೂ ಇದ್ದಾರೆ. ಫ್ಯಾನಿ ಕಾಕ್ರೇನ್ ಸ್ಮಿತ್ ಎಂಬ ಹೆಂಗಸು 1899ರಲ್ಲೂ 1903ರಲ್ಲೂ ಮೇಣದ ಉರುಳೆಗಳ ಮೇಲೆ ತನ್ನ ಜನರ ಹಾಡುಗಳನ್ನು ಧ್ವನಿಮುದ್ರಿಸಿದ್ದಳು. ಆದರೆ ‘ಕೊನೆಯವಳು’ ಎಂಬ ಪಟ್ಟ ಕಟ್ಟಿದರೆ ಕತೆ ಮುಗಿಯುತ್ತದೆ, ನೆಲದ ಪ್ರಶ್ನೆಯೂ ಮುಗಿಯುತ್ತದೆ. ಅದಕ್ಕೇ ಆ ಮಾತು ಅಷ್ಟು ಬೇಗ ಹಬ್ಬಿತು.

ನನ್ನ ದೇಹವನ್ನು ಕೊಯ್ಯಬೇಡಿ ಎಂದು ಸಾಯುವ ಮುಂಚೆ ಆಕೆ ಬೇಡಿಕೊಂಡಿದ್ದಳು. ಎರಡೇ ವರ್ಷಗಳಲ್ಲಿ ಗೋರಿಯಿಂದ ಅಸ್ಥಿಯನ್ನು ಹೊರತೆಗೆದರು. ಅಸ್ಥಿಪಂಜರ 1947ರವರೆಗೆ ವಸ್ತುಸಂಗ್ರಹಾಲಯದಲ್ಲಿ ಜನರು ನೋಡಲೆಂದು ನಿಂತಿತ್ತು, ಆಮೇಲೆ ಉಗ್ರಾಣ ಸೇರಿತು. 1975ರಲ್ಲಿ ಆಸ್ಟ್ರೇಲಿಯಾದ ಅಂಚೆ ಇಲಾಖೆ ಹೆಸರಾಂತ ಮಹಿಳೆಯರ ಆರು ಅಂಚೆಚೀಟಿಗಳನ್ನು ಹೊರಡಿಸಿತು. ಲೂಯಿಸಾ ಲಾಸನ್, ಆ ದೇಶದಲ್ಲಿ ಶಾಸನಸಭೆಯೊಂದಕ್ಕೆ ಆಯ್ಕೆಯಾದ ಮೊದಲ ಮಹಿಳೆ ಎಡಿತ್ ಕೊವನ್, ಶಾಲೆಗಳನ್ನು ಕಟ್ಟಿದ ಮೇರಿ ಮಕಿಲಪ್ ಇವರ ಜೊತೆಯಲ್ಲಿ ಟ್ರುಗನಿನಿಯೂ ಇದ್ದಳು. ಆ ಚೀಟಿಗಳು ಅಂಚೆ ಕಚೇರಿಯಲ್ಲಿ ಮಾರಾಟವಾಗುತ್ತಿದ್ದಾಗ ಆಕೆಯ ಮೂಳೆಗಳು ಇನ್ನೂ ಉಗ್ರಾಣದಲ್ಲಿದ್ದವು. ದಹನ ಮಾಡಿ, ಬೂದಿಯನ್ನು ಬ್ರೂನಿ ದ್ವೀಪದ ಬಳಿಯ ಕಡಲಿಗೆ ಬಿಟ್ಟದ್ದು 1976ರಲ್ಲಿ, ಸತ್ತು ನೂರು ವರ್ಷಕ್ಕೆ.

ಟ್ರುಗನಿನಿ ಬರೆದ ಒಂದು ಕಾಗದವೂ ಇಲ್ಲ. ಆಕೆಯ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಹೆಚ್ಚಿನದು ರಾಬಿನ್ಸನ್ನನ ದಿನಚರಿಯಿಂದ ಬಂದದ್ದು. ಅದು 1966ರಲ್ಲಿ ಅಚ್ಚಾಯಿತು. ತನ್ನ ಕೆಲಸವನ್ನು ಸಮರ್ಥಿಸಿಕೊಳ್ಳಲು ಬರೆದವನ ಕಣ್ಣಿನಿಂದಲೇ ಆಕೆಯನ್ನು ನೋಡಬೇಕು. 2020ರಲ್ಲಿ ಬಂದ ಕ್ಯಾಸಾಂಡ್ರಾ ಪೈಬಸ್ ಅವರ ಜೀವನಚರಿತ್ರೆ ಈ ಕಷ್ಟದ ಕೆಲಸವನ್ನು ಮಾಡಿದೆ. ದಿನಚರಿಯಲ್ಲಿ ಆಕೆ ಎಲ್ಲಿ ನಕ್ಕಳು, ಎಲ್ಲಿ ಈಜಿದಳು, ಎಲ್ಲಿ ಮಾತು ಕೇಳದೆ ಹೊರಟುಹೋದಳು ಎಂಬುದನ್ನು ಹೆಕ್ಕಿ ತೆಗೆದು, ಬಲಿಪಶು ಎಂಬ ಒಂದೇ ಬಣ್ಣದಿಂದ ಆಕೆಯನ್ನು ಬಿಡುಗಡೆ ಮಾಡಿದ್ದಾರೆ. ಬ್ರೂನಿ ದ್ವೀಪದಲ್ಲಿ, ಟ್ರುಗನಿನಿಯ ಜನರದೇ ಆದ ನೆಲದಲ್ಲಿ ಭೂಮಿ ಪಡೆದವರಲ್ಲಿ ತಮ್ಮ ಪೂರ್ವಜರೂ ಒಬ್ಬರು ಎಂಬುದನ್ನು ಲೇಖಕಿ ಮೊದಲಿಗೇ ಹೇಳಿಕೊಳ್ಳುತ್ತಾರೆ. ಲೇಖಕಿ ನಿಂತ ಜಾಗ ಓದುಗರಿಗೆ ಗೊತ್ತಿರುವುದರಿಂದ ಆ ಪುಸ್ತಕದ ಮೇಲೆ ನಂಬಿಕೆ ಹುಟ್ಟುತ್ತದೆ.

ಇದಕ್ಕೆ ತೀರ ವಿರುದ್ಧವಾದ ಬದುಕು ಡೇಸಿ ಬೇಟ್ಸ್‌ಳದು. 1919ರಿಂದ 1935ರವರೆಗೆ ದಕ್ಷಿಣ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ, ಊಲ್ಡಿಯಾ ಎಂಬ ರೈಲು ನಿಲ್ದಾಣದ ಬಳಿ ಡೇರೆಯಲ್ಲಿ ಬಾಳಿದವಳು. ಉದ್ದನೆಯ ಲಂಗ, ಎತ್ತರದ ಕಾಲರು, ಕೈಗವಸು, ಸುತ್ತ ಮೂಲನಿವಾಸಿಗಳು. ಪತ್ರಿಕೆಗಳಿಗೆ ಆಕೆ ಒಂದು ಅಚ್ಚರಿ. ತಾನು ಐರ್ಲೆಂಡಿನ ಸ್ಥಿತಿವಂತರ ಮನೆಯಲ್ಲಿ ಹುಟ್ಟಿದವಳೆಂದು ಹೇಳಿಕೊಂಡಳು. ದಾಖಲೆ ಹುಡುಕಿದವರಿಗೆ ಸಿಕ್ಕಿದ್ದು 1859ರಲ್ಲಿ ಟಿಪ್ಪರರಿ ಸೀಮೆಯಲ್ಲಿ ಹುಟ್ಟಿದ ಬಡ ಕುಟುಂಬದ ಹುಡುಗಿ. 1884ರಲ್ಲಿ ಒಬ್ಬನನ್ನು ಮದುವೆಯಾಗಿ, ಆ ಮದುವೆ ಕಾನೂನಿನಂತೆ ಮುರಿಯದೆಯೇ 1885ರಲ್ಲಿ ಇನ್ನೊಬ್ಬನನ್ನು, ಅದೇ ವರ್ಷ ಮತ್ತೊಬ್ಬನನ್ನು ಮದುವೆಯಾದದ್ದೂ ಹೊರಬಂತು. ಆಕೆಯ ಮಾತನ್ನೇ ನಂಬಿ ಬರೆದ ಪುಸ್ತಕಗಳೆಲ್ಲ ಇದರಿಂದ ಅಲುಗಾಡಿದವು.

ಹುಟ್ಟು, ಮದುವೆಗಳನ್ನು ಮುಚ್ಚಿಟ್ಟದ್ದನ್ನು ನಾನು ದೊಡ್ಡ ತಪ್ಪೆಂದು ಎಣಿಸುವುದಿಲ್ಲ. ಬಡ ಹುಡುಗಿಯೊಬ್ಬಳು ಬದುಕಲು ಹೊಸ ಹೆಸರು, ಹೊಸ ಊರು ಕಟ್ಟಿಕೊಂಡಳು. ದೊಡ್ಡ ತಪ್ಪು ಬೇರೆ. ಈ ಜನಾಂಗ ಅಳಿಯುತ್ತಿದೆ, ಅಳಿಯುವವರೆಗೆ ಉಪಚರಿಸುವುದಷ್ಟೇ ನಮ್ಮ ಕೆಲಸ ಎಂದು 1938ರ ತನ್ನ ಪುಸ್ತಕದಲ್ಲಿ ಆಕೆ ಸಾರಿದಳು. ಅವರು ನರಭಕ್ಷಕರೆಂಬ ಆಧಾರವಿಲ್ಲದ ಮಾತುಗಳನ್ನು ಹಬ್ಬಿಸಿದಳು. ಅದರಿಂದಾದ ಕೇಡು ಸಣ್ಣದಲ್ಲ. ಹಾಗಿದ್ದೂ, 1904ರ ಸುಮಾರಿಗೆ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಆಕೆ ಕಲೆಹಾಕಿದ ಪದಪಟ್ಟಿಗಳು, ವಂಶಾವಳಿಗಳು ಸಾವಿರಾರು ಪುಟ ಇವೆ. ಆಕೆ ಅಳಿದುಹೋಗುತ್ತಾರೆ ಎಂದ ಜನರ ಮೊಮ್ಮಕ್ಕಳು, ಮರಿಮಕ್ಕಳು ಇಂದು ಅದೇ ಪುಟಗಳಿಂದ ತಮ್ಮ ನುಡಿಗಳನ್ನು ಮತ್ತೆ ಕಲಿಯುತ್ತಿದ್ದಾರೆ. ನೂಂಗಾರ್ ಜನ ತಮ್ಮ ನೆಲದ ಹಕ್ಕಿಗಾಗಿ ನ್ಯಾಯಾಲಯಕ್ಕೆ ಹೋದಾಗಲೂ ಆಕೆಯ ಟಿಪ್ಪಣಿಗಳು ಪುರಾವೆಯಾದವು.

ಕೊನೆಯದಾಗಿ ಕ್ಯಾರೊಲೈನ್ ಚಿಜಮ್. ಇವಳ ಬದುಕಿನಲ್ಲಿ ನಮಗೆ ನೇರವಾದ ಪಾಲಿದೆ. 1808ರಲ್ಲಿ ಇಂಗ್ಲೆಂಡಿನ ನಾರ್ತಾಂಪ್ಟನ್ನಿನಲ್ಲಿ ಹಂದಿ ವ್ಯಾಪಾರಿಯ ಮಗಳಾಗಿ ಹುಟ್ಟಿದಳು. 1830ರಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಆರ್ಚಿಬಾಲ್ಡ್ ಚಿಜಮ್ ಮದುವೆಯ ಪ್ರಸ್ತಾಪ ತಂದಾಗ, ಸಮಾಜಸೇವೆಗೆ ಅಡ್ಡಿಯಿರಬಾರದೆಂಬ ಷರತ್ತು ಹಾಕಿ ಒಪ್ಪಿದಳೆಂದು ಹೇಳುತ್ತಾರೆ. 1832ರಲ್ಲಿ ಮದ್ರಾಸಿಗೆ ಬಂದು, 1834ರಲ್ಲಿ ಯುರೋಪಿಯನ್ ಸೈನಿಕರ ಹೆಣ್ಣುಮಕ್ಕಳಿಗಾಗಿ ಒಂದು ಶಾಲೆ ತೆರೆದಳು. ಓದು ಬರಹದ ಜೊತೆಗೆ ಅಡುಗೆ, ಮನೆವಾರ್ತೆ, ರೋಗಿಗಳ ಆರೈಕೆ ಅಲ್ಲಿ ಕಲಿಸುತ್ತಿದ್ದರು. 1838ರಲ್ಲಿ ಗಂಡನಿಗೆ ರಜೆ ಸಿಕ್ಕಿದಾಗ ಕುಟುಂಬ ಸಿಡ್ನಿಗೆ ಹೋಯಿತು. ರಜೆ ಮುಗಿದು ಗಂಡ ಸೈನ್ಯಕ್ಕೆ ಮರಳಿದ, ಆಕೆ ಮಕ್ಕಳೊಂದಿಗೆ ಅಲ್ಲೇ ಉಳಿದಳು.

ಸಿಡ್ನಿ ಬಂದರಿನಲ್ಲಿ ಆಕೆ ಕಂಡದ್ದು ಹಡಗುಗಳಿಂದ ಇಳಿಯುತ್ತಿದ್ದ ಒಂಟಿ ಹುಡುಗಿಯರನ್ನು. ಕರೆತಂದವರು ಬಂದರಿನವರೆಗೆ ತಂದು ಬಿಟ್ಟರು, ಆಮೇಲೆ ಕೆಲಸವಿಲ್ಲ, ಮಲಗಲು ಜಾಗವಿಲ್ಲ. ಗವರ್ನರ್ ಗಿಪ್ಸ್‌ನನ್ನು ಕಾಣಲು ಹೋದಳು. ಬಿಳಿ ಟೊಪ್ಪಿ, ಕನ್ನಡಕದ ಮುದುಕಿಯೊಬ್ಬಳು ಬಂದು ಆತ್ಮೋದ್ಧಾರದ ಮಾತಾಡುತ್ತಾಳೆಂದು ಕಾದಿದ್ದವನ ಎದುರಿಗೆ ಗಂಭೀರ ನಿಲುವಿನ ತರುಣಿ ನಿಂತು, ತನ್ನ ಬುದ್ಧಿ ಗವರ್ನರನ ಬುದ್ಧಿಗೆ ಸಮ ಎಂಬಂತೆ ವಾದ ಮಾಡಿದಳು ಎಂದು ಅವನೇ ಹೇಳಿಕೊಂಡಿದ್ದಾನೆ. 1841ರಲ್ಲಿ ಹಳೆಯ ಬ್ಯಾರಕ್ಕಿನ ಒಂದು ಭಾಗ ಸಿಕ್ಕಿತು. ಮೊದಲ ರಾತ್ರಿ ಸೂರಿನಿಂದ ಇಲಿಗಳು ಹೆಗಲ ಮೇಲೆ ಬಿದ್ದವು. ಅಂದು ಅವಕ್ಕೆ ತಿನ್ನಲು ಕೊಟ್ಟು ರಾತ್ರಿ ಕಳೆದಳು. ಮತ್ತೊಂದು ರಾತ್ರಿ ತಿನಿಸಿಗೆ ಪಾಷಾಣ ಬೆರೆಸಿದಳು. ಮಕ್ಕಳನ್ನು ವಿಂಡ್ಸರ್ ಎಂಬ ಊರಿನಲ್ಲಿ ಬಿಟ್ಟು, ಹುಡುಗಿಯರಿಗೆ ಕೆಲಸ ಹುಡುಕಿದಳು. ಕರಾರು ಪತ್ರಕ್ಕೆ ಮೂರು ಪ್ರತಿ: ಒಡೆಯನಿಗೊಂದು, ಕೆಲಸದವಳಿಗೊಂದು, ತನಗೊಂದು. ಬಂಡಿಗಳಲ್ಲಿ ಅವರನ್ನು ಕೂರಿಸಿ, ತಾನು ‘ಕ್ಯಾಪ್ಟನ್’ ಎಂಬ ಬಿಳಿ ಕುದುರೆಯೇರಿ ಒಳನಾಡಿನವರೆಗೆ ಕರೆದೊಯ್ದಳು. 1846ರಲ್ಲಿ ಸಿಡ್ನಿ ಬಿಡುವ ಹೊತ್ತಿಗೆ ಸುಮಾರು 11,000 ಜನರಿಗೆ ನೆಲೆ ಕಲ್ಪಿಸಿದ್ದಳು.

1967ರಲ್ಲಿ ಐದು ಡಾಲರ್ ನೋಟಿನ ಮೇಲೆ ಆಕೆಯ ಚಿತ್ರ ಬಂತು. ರಾಣಿಯನ್ನು ಬಿಟ್ಟರೆ ಆ ದೇಶದ ನೋಟಿನಲ್ಲಿ ಕಾಣಿಸಿಕೊಂಡ ಮೊದಲ ಹೆಂಗಸು ಆಕೆ. ಆದರೆ ಆಕೆಯ ಮೇಲೆ ಬಂದ ಎರಡು ಆಕ್ಷೇಪಗಳನ್ನು ಹೊಗಳುವ ಪುಸ್ತಕಗಳು ಬೇಗಬೇಗ ದಾಟಿಹೋಗುತ್ತವೆ. ಕಾದಂಬರಿಕಾರ ಡಿಕನ್ಸ್ ಆಕೆಯ ಲಂಡನ್ ಮನೆಗೆ ಹೋಗಿ ಬಂದು, ಮಕ್ಕಳ ಕೊಳೆ ಮುಖಗಳು ಕಣ್ಣಿನಿಂದ ಮರೆಯಾಗುತ್ತಿಲ್ಲ ಎಂದು ಬರೆದ. ದೂರದವರ ಉದ್ಧಾರದಲ್ಲಿ ಮುಳುಗಿ ಸ್ವಂತ ಮಕ್ಕಳನ್ನು ಮರೆತ ಅವನ ಮಿಸೆಸ್ ಜೆಲಿಬಿ ಪಾತ್ರದಲ್ಲಿ ಇವಳ ನೆರಳಿದೆ. ನನಗೆ ಇದು ಅನ್ಯಾಯವೆಂದೇ ಅನ್ನಿಸುತ್ತದೆ. ಲೋಕಕಾರ್ಯದಲ್ಲಿ ಮುಳುಗಿದ ಯಾವ ಗಂಡಸಿನ ಮಕ್ಕಳ ಮುಖವನ್ನು ಯಾರು ಪರೀಕ್ಷಿಸಲು ಹೋಗಿದ್ದರು? ಎರಡನೆಯ ಆಕ್ಷೇಪ ತೂಕದ್ದು. ವಸಾಹತನ್ನು ತಿದ್ದಲು ಪಾದ್ರಿಗಳು, ಮೇಷ್ಟ್ರುಗಳು ಸಾಲದು. ಒಳ್ಳೆಯ ಹೆಂಡತಿಯರು, ಮಕ್ಕಳು ಬೇಕು, ಅವರೇ ದೇವರ ಪೊಲೀಸರು ಎಂದು ಚಿಜಮ್ ಬರೆದಿದ್ದಳು. ಹೆಂಗಸನ್ನು ಕಾವಲುಗಾರಳನ್ನಾಗಿಯೋ ಕೆಟ್ಟವಳನ್ನಾಗಿಯೋ ಮಾತ್ರ ನೋಡುವ ಆಸ್ಟ್ರೇಲಿಯಾದ ಚರಿತ್ರೆಯನ್ನು ಪ್ರಶ್ನಿಸಿ ಆನ್ ಸಮರ್ಸ್ 1975ರಲ್ಲಿ ಬರೆದ ಹೆಸರಾಂತ ಪುಸ್ತಕ ಆ ಮಾತನ್ನೇ ಶೀರ್ಷಿಕೆಯಲ್ಲಿ ಇಟ್ಟುಕೊಂಡಿತು.

ಚಿಜಮ್ ಕುರಿತ ಜನಪ್ರಿಯ ಪುಸ್ತಕಗಳಲ್ಲಿ ಮದ್ರಾಸಿನ ಆರು ವರ್ಷ ಕೆಲವೇ ಪುಟಗಳಲ್ಲಿ ಮುಗಿದುಹೋಗುತ್ತದೆ. ಸಿಡ್ನಿಗೆ ಮುಂಚಿನ ಪೀಠಿಕೆ ಎಂಬಂತೆ. ನನಗೆ ಇದು ಒಪ್ಪಿಗೆಯಿಲ್ಲ. ಹುಡುಗಿಯರನ್ನು ಒಂದು ಸೂರಿನಡಿ ಸೇರಿಸಿ, ಕೆಲಸ ಕಲಿಸಿ, ಬದುಕಿಗೆ ಹಚ್ಚುವ ಆ ಕೆಲಸವನ್ನು ಆಕೆ ಮೊದಲು ಮಾಡಿ ನೋಡಿದ್ದು ಮದ್ರಾಸಿನಲ್ಲಿ. ಆಗ ಬಳ್ಳಾರಿ, ಮಂಗಳೂರುಗಳೂ ಅದೇ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. ಆ ಶಾಲೆಯ ಹುಡುಗಿಯರು ಯಾರು, ಅವರ ತಾಯಂದಿರು ಯಾರು, ಚಿಜಮ್ ಹೋದ ಮೇಲೆ ಅವರ ಪಾಡೇನಾಯಿತು ಎಂಬ ಪ್ರಶ್ನೆಗಳನ್ನು ಕೇಳಬೇಕಾದವರು ಈ ಕಡೆಯವರು. ಮದ್ರಾಸ್ ಸರ್ಕಾರದ ಹಳೆಯ ಕಡತಗಳು ಚೆನ್ನೈನ ಎಗ್ಮೋರಿನ ಪತ್ರಾಗಾರದಲ್ಲಿವೆ. ಈ ಸಭೆಯಲ್ಲಿ ಸಂಶೋಧನೆಗೆ ವಿಷಯ ಹುಡುಕುತ್ತಿರುವ ವಿದ್ಯಾರ್ಥಿಗಳಿದ್ದರೆ ದಯವಿಟ್ಟು ಆಮೇಲೆ ಬಂದು ಮಾತನಾಡಿಸಿ. ಚಿಜಮ್ ಬಗ್ಗೆ ನನ್ನ ಬಳಿ ಇರುವ ಪುಸ್ತಕಗಳನ್ನೂ ಟಿಪ್ಪಣಿಗಳನ್ನೂ ಅವರಿಗೆ ಕೊಡುತ್ತೇನೆ. 1832ರಿಂದ 1838ರವರೆಗಿನ ಕಡತಗಳಿಂದ ಆರಂಭಿಸಬಹುದು.